ಸಾಕ್ಷಿ ಹೇಳುವ ಚಿತ್ರ, ಚಾಡಿ ಹೇಳುವ ಚಿತ್ರ

ಪೋಲೆಂಡಿನ ವಾರ್ಸಾ ನಗರದ ಪುವಾಫ್ಸ್ಕಾ ರಸ್ತೆಯಲ್ಲಿ ‘ಮೊಸ್ಕ್ವಾ’ ಎಂಬ ಚಿತ್ರಮಂದಿರವಿತ್ತು. ಮೊಸ್ಕ್ವಾ ಎಂದರೆ ಮಾಸ್ಕೊ. 1981ರ ಡಿಸೆಂಬರಿನಲ್ಲಿ ಅದರ ಮುಂಭಾಗದಲ್ಲಿ ವಿಯೆಟ್ನಾಂ ಯುದ್ಧದ ಕುರಿತ ‘ಅಪೊಕ್ಯಾಲಿಪ್ಸ್ ನೌ’ ಚಿತ್ರದ ದೊಡ್ಡ ಬ್ಯಾನರ್ ಕಟ್ಟಿದ್ದರು. ಪೋಲಿಷ್ ಭಾಷೆಯಲ್ಲಿ ಆ ಚಿತ್ರಕ್ಕಿಟ್ಟಿದ್ದ ಹೆಸರನ್ನು ಕನ್ನಡಕ್ಕೆ ತಂದರೆ ‘ಪ್ರಳಯಕಾಲ’ ಎಂದಾಗುತ್ತದೆ. ಡಿಸೆಂಬರ್ 13ರ ಭಾನುವಾರ ದೇಶದಲ್ಲಿ ಮಾರ್ಷಲ್ ಲಾ, ಅಂದರೆ ಸೇನಾಡಳಿತ, ಜಾರಿಯಾಯಿತು. ಅದರ ಬೆನ್ನಿಗೇ ಸೇನೆಯ ಶಸ್ತ್ರಸಜ್ಜಿತ ವಾಹನವೊಂದು ಬಂದು ಆ ಚಿತ್ರಮಂದಿರದ ಎದುರೇ ನಿಂತಿತು. ನೆಲದ ತುಂಬ ಹಿಮ, ವಾಹನದ ಸುತ್ತ ಸೈನಿಕರು, ಅವರ ತಲೆಯ ಮೇಲೆ ಪ್ರಳಯಕಾಲ, ಅದರ ಮೇಲೆ ಮಾಸ್ಕೊ. ಯಾವ ವ್ಯಂಗ್ಯಚಿತ್ರಕಾರನೂ ಇಷ್ಟು ಚೊಕ್ಕವಾಗಿ ಹೊಂದಿಸಲಾರ.

ಎದುರಿನ ಕಟ್ಟಡದ ಮೆಟ್ಟಿಲ ಬಳಿಯ ಕಿಟಕಿಯಿಂದ ಆ ಚಿತ್ರ ತೆಗೆದವರು ಕ್ರಿಸ್ ನೀಡೆಂತಾಲ್. ಪೋಲಿಷ್ ತಂದೆತಾಯಿಗೆ 1950ರಲ್ಲಿ ಲಂಡನ್ನಿನಲ್ಲಿ ಹುಟ್ಟಿದವರು, 1973ರಲ್ಲಿ ಪೋಲೆಂಡಿಗೆ ಬಂದು ಅಲ್ಲೇ ನೆಲೆಸಿ ‘ನ್ಯೂಸ್‌ವೀಕ್’ ಪತ್ರಿಕೆಗೆ ಕೆಲಸ ಮಾಡುತ್ತಿದ್ದವರು. ಚಿತ್ರವೇನೋ ಫಿಲ್ಮಿನ ಮೇಲೆ ಬಿತ್ತು. ಆದರೆ ದೇಶದ ಫೋನ್ ಸಂಪರ್ಕ ಕಡಿದುಹೋಗಿತ್ತು, ಗಡಿಗಳ ಮೇಲೆ ಕಣ್ಣಿತ್ತು. ನೀಡೆಂತಾಲ್ ವಾರ್ಸಾದ ಗ್ಡಾನ್ಸ್ಕಾ ರೈಲು ನಿಲ್ದಾಣಕ್ಕೆ ಹೋಗಿ, ಬರ್ಲಿನ್ ಕಡೆಗೆ ಹೊರಟಿದ್ದ ಪಶ್ಚಿಮ ಜರ್ಮನಿಯ ವಿದ್ಯಾರ್ಥಿಯೊಬ್ಬನನ್ನು ಹಿಡಿದು, ರೋಲುಗಳನ್ನು ಅವನ ಕೈಗೆ ಕೊಟ್ಟರು. ಆ ಹುಡುಗ ಹೆದರಿ ರೋಲುಗಳನ್ನು ದಾರಿಯಲ್ಲಿ ಎಸೆದಿದ್ದರೆ ಇವತ್ತು ಪಠ್ಯಪುಸ್ತಕಗಳಲ್ಲಿ, ವಸ್ತುಸಂಗ್ರಹಾಲಯಗಳಲ್ಲಿ, ಪೋಲೆಂಡಿನ ಅಂಚೆಕಾರ್ಡುಗಳಲ್ಲಿ ಕಾಣುವ ಆ ಚಿತ್ರವೇ ಇರುತ್ತಿರಲಿಲ್ಲ.

ಪೋಲೆಂಡಿನ ಕಮ್ಯುನಿಸ್ಟ್ ಆಡಳಿತದ ವಿರುದ್ಧದ ಹೋರಾಟವನ್ನು ಕ್ಯಾಮೆರಾ ಹೇಗೆ ದಾಖಲಿಸಿತು ಎಂಬ ಕಥೆಯನ್ನು ಸಾಮಾನ್ಯವಾಗಿ ಇಲ್ಲಿಂದಲೇ ಶುರುಮಾಡುತ್ತಾರೆ: ಒಬ್ಬ ಧೈರ್ಯಶಾಲಿ ಛಾಯಾಗ್ರಾಹಕ, ಒಂದು ಅಮರ ಚಿತ್ರ, ಬೆಚ್ಚಿಬಿದ್ದ ಸರ್ಕಾರ. ನನಗೆ ಈ ಕಥೆ ಅರ್ಧ ಸತ್ಯವೆನಿಸುತ್ತದೆ. ಬೀದಿಯಲ್ಲಿ ಇನ್ನೊಂದು ಕ್ಯಾಮೆರಾ ಕೂಡ ಇತ್ತು, ಗುಪ್ತ ಪೊಲೀಸರದು. ಅದೂ ಅದೇ ಜನರನ್ನು, ಅದೇ ಮೆರವಣಿಗೆಯನ್ನು ಸೆರೆಹಿಡಿಯುತ್ತಿತ್ತು. ಒಂದೇ ಮುಖ ಒಂದು ಫಿಲ್ಮಿನಲ್ಲಿ ಇತಿಹಾಸವಾಯಿತು, ಇನ್ನೊಂದರಲ್ಲಿ ಆರೋಪಪಟ್ಟಿಯಾಯಿತು. ಪ್ರತಿಭಟನೆಗೆ ಹೋದವರ ಮುಖವನ್ನು ಕಂಪ್ಯೂಟರೇ ಗುರುತಿಸಿಬಿಡುವ ಈ ಕಾಲದಲ್ಲಿ, ಪೋಲೆಂಡಿನ ಆ ಹಳೆಯ ನೆಗೆಟಿವ್‌ಗಳನ್ನು ಬೆಳಕಿಗೆ ಹಿಡಿದು ನೋಡಬೇಕಾದ್ದು ಈ ಕಾರಣಕ್ಕೆ.

ಆಗಿನ ಸರ್ಕಾರಕ್ಕೆ ಒಂದು ಫೋಟೊ ಯಾಕೆ ಅಷ್ಟು ದೊಡ್ಡ ತಲೆನೋವು? ವಾರ್ಸಾದಲ್ಲಿ ಮಿಶಾ ಎಂಬ ಪುಟ್ಟ ಬೀದಿಯಿದೆ. ಪೋಲಿಷ್‌ನಲ್ಲಿ ಆ ಹೆಸರಿನ ಅರ್ಥ ‘ಇಲಿ ಬೀದಿ’. ಸೆನ್ಸಾರ್ ಇಲಾಖೆಯ ಮುಖ್ಯ ಕಚೇರಿ ಇದ್ದದ್ದು ಅಲ್ಲಿಯೇ; ಅಕ್ಷರಗಳನ್ನು ಕಡಿದುಹಾಕುವವರಿಗೆ ಇದಕ್ಕಿಂತ ಒಳ್ಳೆಯ ವಿಳಾಸ ಸಿಗಲಾರದು. ಪತ್ರಿಕೆ, ಪುಸ್ತಕ, ನಾಟಕ ಎಲ್ಲವೂ ಅವರ ಕೈದಾಟಿಯೇ ಜನರನ್ನು ಮುಟ್ಟಬೇಕಿತ್ತು. ಸುದ್ದಿಚಿತ್ರಗಳನ್ನು ಹಂಚಲು ಸರ್ಕಾರದ್ದೇ ಆದ ಕೇಂದ್ರ ಛಾಯಾಚಿತ್ರ ಸಂಸ್ಥೆಯಿತ್ತು. ಕ್ರಾಕುಫ್ ನಗರದ ಸೆನ್ಸಾರ್ ಕಚೇರಿಯಲ್ಲಿ ಕೆಲಸಕ್ಕಿದ್ದ ತೊಮಾಶ್ ಸ್ತ್ರಿಜೆವ್ಸ್ಕಿ 1977ರಲ್ಲಿ ಒಳಗಿನ ಸೂಚನಾಪತ್ರಗಳನ್ನು ಕದ್ದು ಸ್ವೀಡನ್ನಿಗೆ ಸಾಗಿಸಿದಾಗಲೇ ಹೊರಜಗತ್ತಿಗೆ ಆ ಯಂತ್ರದ ಒಳಗು ತಿಳಿದದ್ದು. ಯಾವ ಸುದ್ದಿ ಬರಬಾರದು, ಯಾರ ಹೆಸರು ಬರಬಾರದು, ಯಾವ ಅಪಘಾತದ ಲೆಕ್ಕ ಹೇಳಬಾರದು ಎಂಬ ಪಟ್ಟಿಗಳೇ ಪಟ್ಟಿಗಳು. ಹೀಗೆ ಬರೆದದ್ದನ್ನೆಲ್ಲ ಅಳಿಸಬಲ್ಲ ಸರ್ಕಾರಕ್ಕೆ ಫೋಟೊ ಒಂದು ಬಗೆಹರಿಯದ ತೊಡಕು. ‘ಕೆಲವು ಪುಂಡರು ಗಲಭೆ ಮಾಡಿದರು’ ಎಂದು ರೇಡಿಯೊದಲ್ಲಿ ಹೇಳಿಬಿಡಬಹುದು. ಆದರೆ ಎಣ್ಣೆ ಮೆತ್ತಿದ ಕೆಲಸದ ಅಂಗಿಯಲ್ಲಿರುವ ಸಾವಿರಾರು ಕಾರ್ಮಿಕರು ಒಂದೇ ಚೌಕಟ್ಟಿನಲ್ಲಿ ಕಂಡರೆ, ಕಾರ್ಮಿಕರ ಹೆಸರಿನಲ್ಲೇ ಆಳುತ್ತಿರುವವರು ಏನು ಹೇಳಬೇಕು?

ಆ ಪೇಚು ಮೊದಲು ಎದುರಾದದ್ದು 1956ರ ಜೂನ್ 28ರಂದು, ಪೋಜ್ನಾನ್ ನಗರದಲ್ಲಿ. ಕೂಲಿ, ಕೆಲಸದ ಒತ್ತಡಗಳ ಬಗ್ಗೆ ರೋಸಿಹೋದ ಕಾರ್ಮಿಕರು ‘ನಮಗೆ ರೊಟ್ಟಿ ಬೇಕು’ ಎಂಬ ಫಲಕ ಹಿಡಿದು ಬೀದಿಗಿಳಿದರು. ಸುಮಾರು ಒಂದು ಲಕ್ಷ ಜನ ಸೇರಿದರು. ಸರ್ಕಾರ ಟ್ಯಾಂಕುಗಳನ್ನು ಕಳಿಸಿತು; 50ಕ್ಕೂ ಹೆಚ್ಚು ಜನ ಸತ್ತರು, ಅವರಲ್ಲಿ 13 ವರ್ಷದ ಬಾಲಕನೂ ಇದ್ದ. ಪ್ರಜೆಗಳ ಸರ್ಕಾರದ ಮೇಲೆ ಕೈಯೆತ್ತುವವರ ಕೈಯನ್ನೇ ಕತ್ತರಿಸುತ್ತೇವೆ ಎಂಬರ್ಥದ ಮಾತನ್ನು ಪ್ರಧಾನಿ ಸಿರಾಂಕೆವಿಚ್ ಆಡಿದ್ದು ಆಗಲೇ. ಸರ್ಕಾರದ ದುರದೃಷ್ಟವೆಂದರೆ ಆ ವಾರ ನಗರದಲ್ಲಿ ಅಂತರರಾಷ್ಟ್ರೀಯ ವಾಣಿಜ್ಯ ಮೇಳ ನಡೆಯುತ್ತಿತ್ತು. ಯಂತ್ರ ಮಾರಲು, ಕೊಳ್ಳಲು ಬಂದಿದ್ದ ವಿದೇಶಿಯರ ಕೊರಳಲ್ಲಿ ಕ್ಯಾಮೆರಾಗಳಿದ್ದವು. ಹೀಗಾಗಿ ಪೋಜ್ನಾನ್‌ನ ಸುದ್ದಿಯನ್ನು ಮುಚ್ಚಿಡಲಾಗಲಿಲ್ಲ. ಆದರೆ ಅದೇ ದಿನ ಗುಪ್ತ ಪೊಲೀಸರೂ ಚಿತ್ರಗಳನ್ನು ತೆಗೆದಿದ್ದರು. ಅವು ಹೊರಗೆ ಹೋಗಲಿಲ್ಲ, ವಿಚಾರಣೆಯ ಮೇಜಿಗೆ ಹೋದವು.

1970ರ ಡಿಸೆಂಬರ್ ಇನ್ನೂ ಕರಾಳ. ಕ್ರಿಸ್‌ಮಸ್‌ಗೆ ಎರಡು ವಾರವೂ ಇರದಿದ್ದಾಗ ಆಹಾರದ ಬೆಲೆ ಏರಿಸಿದರು. ಬಾಲ್ಟಿಕ್ ಕರಾವಳಿಯ ಹಡಗು ಕಾರ್ಖಾನೆಗಳಲ್ಲಿ ಕೆಲಸ ನಿಂತಿತು. ಡಿಸೆಂಬರ್ 16ರ ಸಂಜೆ ಉಪಪ್ರಧಾನಿ ಟೆಲಿವಿಷನ್ನಿನಲ್ಲಿ ಕಾಣಿಸಿಕೊಂಡು, ಕಾರ್ಮಿಕರೇ ಕೆಲಸಕ್ಕೆ ಮರಳಿ ಎಂದು ಕರೆಕೊಟ್ಟ. ಮರುದಿನ ಬೆಳಗಿನ ಜಾವ ಗ್ಡೀನಿಯಾದಲ್ಲಿ ಆ ಮಾತು ಕೇಳಿ ಲೋಕಲ್ ರೈಲಿನಿಂದಿಳಿದವರ ಮೇಲೆ ಸೈನಿಕರು ಗುಂಡು ಹಾರಿಸಿದರು. ಆ ಊರೊಂದರಲ್ಲೇ 18 ಜನ ಸತ್ತರು. ಸತ್ತವರಲ್ಲಿ ಒಬ್ಬ ಎಲ್ಬ್ಲಾಂಗ್ ಊರಿನ 18 ವರ್ಷದ ಹುಡುಗ. ಗುಂಪು ಎಲ್ಲಿಂದಲೋ ಒಂದು ಬಾಗಿಲನ್ನು ತಂದು, ಅದರ ಮೇಲೆ ಅವನ ಹೆಣವನ್ನು ಮಲಗಿಸಿ, ಹೆಗಲ ಮೇಲೆ ಹೊತ್ತು ಊರಿನ ಮುಖ್ಯರಸ್ತೆಯಲ್ಲಿ ನಡೆಯಿತು.

ಆ ಮೆರವಣಿಗೆಯ ಫೋಟೊಗಳು ಉಳಿದಿವೆ. ಬಾಗಿಲು, ಅದರ ಮೇಲೆ ಸಡಿಲವಾಗಿ ಮಲಗಿದ ದೇಹ, ಸುತ್ತ ಟೋಪಿ ಹಾಕಿದ ತಲೆಗಳು, ಮುಂದೆ ಬಾವುಟ. ಚಿತ್ರ ಎಲ್ಲವನ್ನೂ ತೋರಿಸುತ್ತದೆ, ಒಂದನ್ನು ಬಿಟ್ಟು: ಆ ಹುಡುಗ ಯಾರು? ಸರ್ಕಾರ ಹೆಣಗಳನ್ನು ರಾತ್ರೋರಾತ್ರಿ, ಬೆರಳೆಣಿಕೆಯ ಬಂಧುಗಳ ಎದುರು ಹೂಳಿಸಿತು. ಹೆಸರು ಗೊತ್ತಿಲ್ಲದ್ದರಿಂದ ಜನ ಅವನಿಗೊಂದು ಹೆಸರಿಟ್ಟರು. ಕ್ಷಿಷ್ಟೋಫ್ ದೊವ್ಗ್ಯಾವೊ ಎಂಬವರು ಕಟ್ಟಿದ ಲಾವಣಿಯಲ್ಲಿ ಅವನು ‘ಯಾನೆಕ್ ವಿಷ್ನೆವ್ಸ್ಕಿ’ ಆದ. ನಮ್ಮಲ್ಲಿ ‘ರಾಮಪ್ಪ’ ಎಂದಂತೆ, ಯಾರದೂ ಅಲ್ಲದ, ಎಲ್ಲರದೂ ಆದ ಹೆಸರು. ವರ್ಷಗಟ್ಟಲೆ ಆ ಹೆಸರೇ ಬಾಯಿಂದ ಬಾಯಿಗೆ ಹರಿಯಿತು. ನಿಜವಾದ ಹೆಸರು ಜ್ಬಿಶೆಕ್ ಗೊಡ್ಲೆವ್ಸ್ಕಿ ಎಂಬುದು ಲೋಕಕ್ಕೆ ತಿಳಿಯಲು ಸುಮಾರು ಒಂದು ದಶಕ ಬೇಕಾಯಿತು. ಫೋಟೊ ಸುಳ್ಳು ಹೇಳುವುದಿಲ್ಲ ಎನ್ನುವವರಿಗೆ ನಾನು ಈ ಚಿತ್ರವನ್ನು ತೋರಿಸಲು ಬಯಸುತ್ತೇನೆ. ಅದು ಸುಳ್ಳು ಹೇಳಲಿಲ್ಲ, ನಿಜ; ಆದರೆ ಮೂಕಸಾಕ್ಷಿಯಾಗಿ ನಿಂತಿತ್ತು. ಬಾಯಿ ಬಂದದ್ದು ಒಂದು ಹಾಡಿನಿಂದ, ಅದೂ ತಪ್ಪು ಹೆಸರಿನೊಂದಿಗೆ.

ರಾದೋಮ್ ಪಟ್ಟಣದ್ದು ಬೇರೆಯದೇ ಪಾಠ. 1976ರ ಜೂನ್ 25. ಮತ್ತೆ ಬೆಲೆ ಏರಿಕೆ, ಮತ್ತೆ ಮುಷ್ಕರ. ಕಾರ್ಮಿಕರು ಪಕ್ಷದ ಕಚೇರಿಗೆ ಮುತ್ತಿಗೆ ಹಾಕಿದರು. ಒಳಗಿನ ಕ್ಯಾಂಟೀನಿನಲ್ಲಿ, ಅಂಗಡಿಯಲ್ಲಿ ಕಾಣಲೂ ಸಿಗದ ಮಾಂಸದ ಡಬ್ಬಗಳು ಕಂಡವು. ಕಟ್ಟಡ ಹೊತ್ತಿ ಉರಿಯಿತು. ಆ ಸಂಜೆಯೇ ಸರ್ಕಾರ ಬೆಲೆ ಏರಿಕೆಯನ್ನು ಹಿಂತೆಗೆದುಕೊಂಡಿತು. ಆದರೆ ಲೆಕ್ಕ ಚುಕ್ತಾ ಮಾಡುವ ಕೆಲಸ ಆಗಲೇ ಶುರುವಾಗಿತ್ತು. ಗುಪ್ತ ಪೊಲೀಸರು ಗುಂಪಿನ ಚಿತ್ರಗಳನ್ನು ದೊಡ್ಡದು ಮಾಡಿ, ಮುಖಗಳ ಮೇಲೆ ಗುರುತು ಹಾಕಿ, ಒಬ್ಬೊಬ್ಬರನ್ನೇ ಹುಡುಕಿ ತಂದರು. ಸಿಕ್ಕವರನ್ನು ಎರಡು ಸಾಲು ಪೊಲೀಸರ ನಡುವೆ ಓಡಿಸಿ ಲಾಠಿಯಿಂದ ಬಡಿಯುವ ಶಿಕ್ಷೆಗೆ ಅವರೇ ಇಟ್ಟ ಹೆಸರು ‘ಆರೋಗ್ಯ ಪಥ’. ಇವತ್ತು ರಾದೋಮ್‌ನ ಆ ದಿನದ ಬಗ್ಗೆ ಪ್ರದರ್ಶನ ಮಾಡಬೇಕೆಂದರೆ ಗೋಡೆಗೆ ತೂಗುವ ಚಿತ್ರಗಳಲ್ಲಿ ಬಹುಪಾಲು ಆ ಗುಪ್ತ ಪೊಲೀಸರು ತೆಗೆದವೇ. ಹೊಡೆದವನೇ ಬರೆದಿಟ್ಟ ದಿನಚರಿಯಿಂದ ಹೊಡೆಸಿಕೊಂಡವನ ಚರಿತ್ರೆ ಬರೆದಂತೆ. ಇತಿಹಾಸಕಾರರಿಗೆ ಬೇರೆ ದಾರಿಯಿಲ್ಲ. ಆದರೆ ನೋಡುವ ನಾವು ನಿಂತಿರುವುದು ಪೊಲೀಸನ ಕಣ್ಣಿನ ಹಿಂದೆ ಎಂಬುದನ್ನು ಮರೆಯಬಾರದು. ಆ ಚಿತ್ರಗಳಲ್ಲಿ ಯಾರೂ ಕ್ಯಾಮೆರಾದ ಕಡೆ ನೋಡುವುದಿಲ್ಲ, ನಗುವುದಿಲ್ಲ, ಕೈಯೆತ್ತುವುದಿಲ್ಲ. ಮೇಲಿನಿಂದ, ದೂರದಿಂದ ಬೇಟೆಗಾರ ನೋಡಿದ ಹಾಗಿದೆ.

ಅದರ ಪಕ್ಕದಲ್ಲಿ 1980ರ ಆಗಸ್ಟಿನ ಚಿತ್ರಗಳನ್ನು ಇಡಿ. ವ್ಯತ್ಯಾಸಕ್ಕೆ ಅಂಗೈ ಹುಣ್ಣಿನಂತೆ ಕನ್ನಡಿ ಬೇಕಿಲ್ಲ. ಗ್ಡಾನ್ಸ್ಕ್‌ನ ಲೆನಿನ್ ಹಡಗು ಕಾರ್ಖಾನೆಯಲ್ಲಿ ಕ್ರೇನ್ ನಡೆಸುತ್ತಿದ್ದ ಆನಾ ವಾಲೆಂಟಿನೋವಿಚ್ ಅವರನ್ನು ನಿವೃತ್ತಿಗೆ ಐದು ತಿಂಗಳಿರುವಾಗ ಕೆಲಸದಿಂದ ತೆಗೆದುಹಾಕಿದರು. ಆಗಸ್ಟ್ 14ರಂದು ಕಾರ್ಖಾನೆ ಸ್ತಬ್ಧವಾಯಿತು. ಹಿಂದೆಯೇ ಕೆಲಸ ಕಳೆದುಕೊಂಡಿದ್ದ ಎಲೆಕ್ಟ್ರಿಷಿಯನ್ ಲೆಕ್ ವಲೆಸಾ ಒಳಗೆ ಬಂದು ಮುಂದಾಳುವಾದರು. 1970ರಲ್ಲಿ ಬೀದಿಗಿಳಿದು ಗುಂಡು ತಿಂದ ನೆನಪಿದ್ದುದರಿಂದ ಈ ಬಾರಿ ಯಾರೂ ಬೀದಿಗಿಳಿಯಲಿಲ್ಲ. ಗೇಟು ಹಾಕಿಕೊಂಡು ಒಳಗೇ ಕುಳಿತರು. ಛಾಯಾಗ್ರಹಣದ ದೃಷ್ಟಿಯಿಂದ ಈ ನಿರ್ಧಾರ ಬಹಳ ದೊಡ್ಡದು. ಹೊರಗೆ ಓಡುತ್ತ, ಅಡಗುತ್ತ ತೆಗೆಯುವ ಚಿತ್ರ ಬೇರೆ. ಹದಿನೆಂಟು ದಿನ ಒಂದೇ ಆವರಣದಲ್ಲಿ ಜನರ ಜೊತೆ ಉಂಡು, ಮಲಗಿ ತೆಗೆಯುವ ಚಿತ್ರ ಬೇರೆ. ಎರಡನೇ ನಂಬರಿನ ಗೇಟಿನಲ್ಲಿ ಹೂವು, ಪೋಪ್ ಎರಡನೇ ಜಾನ್ ಪಾಲ್ ಅವರ ಚಿತ್ರ, ಕಂಬಿಗಳ ಆಚೆ ನಿಂತ ಹೆಂಡತಿ ಮಕ್ಕಳು, ಬಯಲಲ್ಲೇ ಪಾದ್ರಿಯ ಮುಂದೆ ಮಂಡಿಯೂರಿ ಪಾಪನಿವೇದನೆ ಮಾಡುತ್ತಿರುವ ಕಾರ್ಮಿಕ. ಕಮ್ಯುನಿಸ್ಟ್ ದೇಶವೊಂದರ ಲೆನಿನ್ ಹೆಸರಿನ ಕಾರ್ಖಾನೆಯಲ್ಲಿ ಹೀಗೆ ಮಂಡಿಯೂರಿದ ಕಾರ್ಮಿಕನ ಒಂದು ಚಿತ್ರ ಹತ್ತು ಸಂಪಾದಕೀಯಗಳಿಗೆ ಸಮ.

ಎರಾಜ್ಮ್ ಚೋವೆಕ್‌ರಂಥ ಪೋಲಿಷ್ ಛಾಯಾಗ್ರಾಹಕರು ಒಳಗಿದ್ದರು, ನೀಡೆಂತಾಲ್ ಬಂದರು, ವಿದೇಶಿ ಛಾಯಾಗ್ರಾಹಕರೂ ಬಂದರು. ಪ್ಲೈವುಡ್ ಹಲಗೆಗಳ ಮೇಲೆ ಕೈಯಲ್ಲಿ ಬರೆದ 21 ಬೇಡಿಕೆಗಳ ಪಟ್ಟಿಯನ್ನು ಗೇಟಿಗೆ ತೂಗುಹಾಕಿದ್ದು ಲೋಕವೆಲ್ಲ ನೋಡಿತು. ಆ ಹಲಗೆಗಳು 2003ರಲ್ಲಿ ಯುನೆಸ್ಕೊದ ವಿಶ್ವಸ್ಮೃತಿ ಪಟ್ಟಿಗೆ ಸೇರಿದವು. ಆಗಸ್ಟ್ 31ರಂದು ಸರ್ಕಾರದೊಂದಿಗಿನ ಒಪ್ಪಂದಕ್ಕೆ ಸಹಿಹಾಕಲು ವಲೆಸಾ ಪೋಪ್ ಚಿತ್ರವಿದ್ದ ಜಾತ್ರೆ ಪೆನ್ನಿನಂಥ ದೊಡ್ಡ ಪೆನ್ನನ್ನು ಎತ್ತಿ ಹಿಡಿದರು. ಆ ಪೆನ್ನು ಫೋಟೊಕ್ಕೆಂದೇ ಹುಟ್ಟಿದ್ದು ಎಂದು ನನ್ನ ಗುಮಾನಿ. ಕ್ಯಾಮೆರಾ ಎಲ್ಲಿದೆಯೆಂದು ಬಲ್ಲ ನಾಯಕ ಅವರು.

ಇಷ್ಟು ಪ್ರೀತಿಯಿಂದ ತೆಗೆದ ಚಿತ್ರಗಳಲ್ಲೂ ಒಂದು ಕುರುಡುಮೂಲೆ ಇದೆ. ಆಗಸ್ಟ್ 16ರಂದು ಕಾರ್ಖಾನೆಯ ಆಡಳಿತ ತನ್ನ ಕಾರ್ಮಿಕರ ಬೇಡಿಕೆಗಳನ್ನು ಒಪ್ಪಿತು, ವಲೆಸಾ ಮುಷ್ಕರ ಮುಗಿಯಿತೆಂದು ಘೋಷಿಸಿದರು, ಜನ ಮನೆಗೆ ಹೊರಟರು. ಹಾಗಾದರೆ ಬೆಂಬಲಕ್ಕೆ ನಿಂತ ಸಣ್ಣಪುಟ್ಟ ಕಾರ್ಖಾನೆಗಳ ಗತಿ? ಆಗ ಗೇಟುಗಳತ್ತ ಓಡಿ, ಹೋಗುತ್ತಿದ್ದವರನ್ನು ತಡೆದು ನಿಲ್ಲಿಸಿದವರು ಹೆಂಗಸರು: ವಾಲೆಂಟಿನೋವಿಚ್, ನರ್ಸ್ ಅಲಿನಾ ಪ್ಯೆನ್ಕೋವ್ಸ್ಕಾ, ಎವಾ ಒಸೊವ್ಸ್ಕಾ, ಊರಿನಲ್ಲಿ ತನ್ನ ಟ್ರಾಮನ್ನು ನಿಲ್ಲಿಸಿ ಬಂದಿದ್ದ ಚಾಲಕಿ ಹೆನ್ರಿಕಾ ಕ್ಷಿವೋನೋಸ್. ಅವರಿಂದಾಗಿ ಒಂದು ಕಾರ್ಖಾನೆಯ ಸಂಬಳದ ಜಗಳ ಇಡೀ ದೇಶದ ಚಳವಳಿಯಾಯಿತು, ಒಂದು ಕೋಟಿಯಷ್ಟು ಸದಸ್ಯರ ‘ಸಾಲಿಡಾರಿಟಿ’ ಕಾರ್ಮಿಕ ಸಂಘಟನೆಯಾಯಿತು. ಆ ಆಗಸ್ಟನ್ನು ನೆನೆದಾಗ ನಮ್ಮ ಕಣ್ಣಮುಂದೆ ಬರುವ ಚಿತ್ರ ಮಾತ್ರ ಬೇರೆ: ಮೀಸೆಯ ಗಂಡಸೊಬ್ಬ ಜನರ ಹೆಗಲ ಮೇಲೆ, ಎರಡೂ ಕೈ ಮೇಲೆತ್ತಿ. ಹೆಂಗಸರ ಫೋಟೊಗಳು ಇಲ್ಲವೆಂದಲ್ಲ. ಅವು ಸಂಗ್ರಹದಲ್ಲಿ ಉಳಿದವು, ಮುಖಪುಟಕ್ಕೆ ಏರಲಿಲ್ಲ. ಅಲ್ಲಿ ಅಡ್ಡಬಂದದ್ದು ಸೆನ್ಸಾರ್ ಅಲ್ಲ, ಯಾವುದು ಮುಖ್ಯ ಎಂದು ಆರಿಸಿದ ಸಂಪಾದಕರ ಕಣ್ಣು.

ಹದಿನಾರು ತಿಂಗಳು ಕಳೆದು ಆ ಡಿಸೆಂಬರ್ ಬಂತು. ಮಾರ್ಷಲ್ ಲಾಗೆ ಪೋಲಿಷ್‌ನಲ್ಲಿರುವ ಪದದ ನೇರ ಅರ್ಥ ‘ಯುದ್ಧಸ್ಥಿತಿ’. ಸಂವಿಧಾನದಲ್ಲಿ ತುರ್ತುಪರಿಸ್ಥಿತಿಗೆ ಜಾಗವೇ ಇರಲಿಲ್ಲ, ಯುದ್ಧಕ್ಕೆ ಮಾತ್ರ ಇತ್ತು. ಹಾಗಾಗಿ ದೇಶವನ್ನಾಳುತ್ತಿದ್ದ ಜನರಲ್ ಯಾರುಜೆಲ್ಸ್ಕಿ ತನ್ನ ದೇಶದ ಮೇಲೆ ತಾನೇ ಯುದ್ಧಸ್ಥಿತಿ ಘೋಷಿಸಿದರು. ಸಾವಿರಾರು ಜನರನ್ನು ಬಂಧನ ಶಿಬಿರಗಳಿಗೆ ತಳ್ಳಿದರು. ಡಿಸೆಂಬರ್ 16ರಂದು ವೂಯೆಕ್ ಕಲ್ಲಿದ್ದಲ ಗಣಿಯಲ್ಲಿ ಒಂಬತ್ತು ಗಣಿಗಾರರು ಪೊಲೀಸರ ಗುಂಡಿಗೆ ಬಲಿಯಾದರು. ಕೆಲವು ವಾರಗಳ ನಂತರ ಫೋನುಗಳು ಮತ್ತೆ ಜೀವ ಪಡೆದಾಗ ಅದರೊಳಗಿಂದ ಮೊದಲು ಕೇಳುತ್ತಿದ್ದುದು ‘ಸಂಭಾಷಣೆ ನಿಗಾದಲ್ಲಿದೆ’ ಎಂಬ ಮುದ್ರಿತ ದನಿ. ಗೋಡೆಗೂ ಕಿವಿಯುಂಟು ಎನ್ನುತ್ತೇವೆ. ಇಲ್ಲಿ ಕಿವಿಯೇ ಬಾಯಿಬಿಟ್ಟು ತಾನಿದ್ದೇನೆ ಎಂದು ಹೇಳುತ್ತಿತ್ತು.

ಈಗ ಛಾಯಾಗ್ರಹಣ ಭೂಗತವಾಯಿತು. ಸಾಧನಗಳು ಬಡವು: ರಷ್ಯಾದ ಜೆನಿತ್, ಪೂರ್ವ ಜರ್ಮನಿಯ ಪ್ರಾಕ್ಟಿಕಾ ಕ್ಯಾಮೆರಾ, ಅಲ್ಲಿಯದೇ ಒರ್ವೊ ಫಿಲ್ಮ್, ಪೋಲೆಂಡಿನಲ್ಲೇ ತಯಾರಾದ ಕ್ರೊಕುಸ್ ಎನ್‌ಲಾರ್ಜರ್. ಸ್ನಾನದ ಕೋಣೆಯೇ ಡಾರ್ಕ್ ರೂಮ್. ತೊಟ್ಟಿಯ ಮೇಲೆ ಹಲಗೆಯಿಟ್ಟು, ಡೆವಲಪರ್, ಹೈಪೊ ತಟ್ಟೆಗಳನ್ನು ಸಾಲಾಗಿ ಜೋಡಿಸಿ, ಮನೆಯವರೆಲ್ಲ ಮಲಗಿದ ಮೇಲೆ ಪ್ರಿಂಟ್ ಹಾಕುವುದು. ಗುಟ್ಟಾಗಿ ಅಚ್ಚಾಗುತ್ತಿದ್ದ ಪತ್ರಿಕೆಗಳ ಹಳೆಯ ಯಂತ್ರಗಳಲ್ಲಿ ಫೋಟೊ ಮುದ್ರಿಸಿದರೆ ಮಸಿಯ ಮುದ್ದೆಯಾಗುತ್ತಿತ್ತು. ಆದ್ದರಿಂದ ಫೋಟೊ ಫೋಟೊವಾಗಿಯೇ, ಒಂದೊಂದೇ ಪ್ರಿಂಟಾಗಿ ಕೈಯಿಂದ ಕೈಗೆ ದಾಟುತ್ತಿತ್ತು. ಕೆಲವೊಮ್ಮೆ ಪ್ರಿಂಟಿನಿಂದಲೇ ಮತ್ತೆ ಫೋಟೊ ತೆಗೆದ ನಕಲಿನ ನಕಲು. ಚರ್ಚುಗಳ ಗೋಡೆಗಳೇ ಪ್ರದರ್ಶನ ಮಂದಿರಗಳಾದವು. ವಾರ್ಸಾದ ಜಿತ್ನ್ಯಾ ರಸ್ತೆಯಲ್ಲಿ ಯುದ್ಧದಲ್ಲಿ ಹಾಳಾಗಿ ಇನ್ನೂ ಪೂರ್ತಿ ಎದ್ದುನಿಲ್ಲದ ಚರ್ಚಿನಲ್ಲಿ 1983ರಲ್ಲಿ ನಡೆದ ದೊಡ್ಡ ಕಲಾಪ್ರದರ್ಶನವಂತೂ ಸರ್ಕಾರಿ ಗ್ಯಾಲರಿಗಳನ್ನು ಬಹಿಷ್ಕರಿಸಿದ ಕಲಾವಿದರ ನೆಲೆಯೇ ಆಗಿಬಿಟ್ಟಿತು. ಕಾರ್ಮಿಕರ ಪಕ್ಷದ ಆಡಳಿತದಲ್ಲಿ ಕಾರ್ಮಿಕರ ಚಿತ್ರ ನೋಡಲು ದೇವಸನ್ನಿಧಿಗೆ ಹೋಗಬೇಕಾಯಿತು.

ಲೂಬಿನ್‌ನ ಕಥೆಯನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು. ಅದು ತಾಮ್ರದ ಗಣಿಗಳ ಊರು. ಗ್ಡಾನ್ಸ್ಕ್ ಒಪ್ಪಂದದ ಎರಡನೇ ವಾರ್ಷಿಕೋತ್ಸವದ ದಿನ, 1982ರ ಆಗಸ್ಟ್ 31ರಂದು, ದೇಶದ ಹಲವೆಡೆ ನಡೆದಂತೆ ಅಲ್ಲಿಯೂ ಜನ ಚೌಕದಲ್ಲಿ ಸೇರಿದರು. ಪೊಲೀಸರು ಗುಂಡು ಹಾರಿಸಿದರು. ಮೂವರು ಸತ್ತರು. ಸ್ಥಳೀಯ ವಾರಪತ್ರಿಕೆ ‘ಕೊಂಕ್ರೆತಿ’ಯ ಛಾಯಾಗ್ರಾಹಕ ಕ್ಷಿಷ್ಟೋಫ್ ರಾಚ್ಕೋವ್ಯಾಕ್ ಅಲ್ಲಿದ್ದರು. ಅವರ ಒಂದು ಚಿತ್ರದಲ್ಲಿ ಕೆಲವು ಗಂಡಸರು ಗುಂಡೇಟು ತಿಂದ ಮಿಹಾವ್ ಆದಮೋವಿಚ್‌ನನ್ನು ಕೈಕಾಲು ಹಿಡಿದೆತ್ತಿಕೊಂಡು ಕ್ಯಾಮೆರಾದತ್ತ ಓಡಿಬರುತ್ತಿದ್ದಾರೆ. ಆದಮೋವಿಚ್ ಕೆಲವು ದಿನಗಳ ನಂತರ ಆಸ್ಪತ್ರೆಯಲ್ಲಿ ತೀರಿಕೊಂಡ. ಆ ಚಿತ್ರ ಮಾರ್ಷಲ್ ಲಾ ಕಾಲದ ಅತ್ಯಂತ ಕಠೋರ ಪುರಾವೆಯಾಯಿತು.

ಗಮನಿಸಬೇಕಾದ್ದು ಇಷ್ಟು: ಆ ಚಿತ್ರದಲ್ಲಿ ಓಡುತ್ತಿರುವವರ ಮುಖಗಳು ನಿಚ್ಚಳವಾಗಿವೆ. ಅದು ಹೊರಗೆ ಹೋದರೆ ಪೊಲೀಸರ ಕ್ರೌರ್ಯಕ್ಕೆ ಸಾಕ್ಷಿ. ಅದೇ ನೆಗೆಟಿವ್ ಮನೆ ಶೋಧನೆಯಲ್ಲಿ ಪೊಲೀಸರ ಕೈಗೆ ಸಿಕ್ಕಿದರೆ ಓಡುತ್ತಿರುವವರಿಗೆ ಜೈಲು. ಕಿರಿದಾದ ಪಟ್ಟಿಯ ಮೇಲಿನ ಅದೇ ಬೆಳ್ಳಿಯ ಕಣಗಳು. ಭೂಗತ ಛಾಯಾಗ್ರಾಹಕನ ನಿಜವಾದ ಕೆಲಸ ಶಟರ್ ಒತ್ತಿದ ಮೇಲೆ ಶುರುವಾಗುತ್ತಿತ್ತು. ನೆಗೆಟಿವ್ ಎಲ್ಲಿಡುವುದು, ಯಾರಿಗೆ ಕೊಡುವುದು, ಯಾರ ಮುಖ ಕಾಣುವ ಚಿತ್ರವನ್ನು ಈಗ ಪ್ರಿಂಟ್ ಹಾಕದೆ ಬಿಡುವುದು. ಆ ಸಂಯಮದ ಬಗ್ಗೆ ಪ್ರಶಸ್ತಿಗಳಿಲ್ಲ, ಏಕೆಂದರೆ ತೋರಿಸದೆ ಉಳಿಸಿದ ಚಿತ್ರವನ್ನು ಯಾರು ನೋಡಿರುತ್ತಾರೆ?

ಎಲ್ಲವೂ ರಕ್ತ, ಹೊಗೆ ಅಲ್ಲ. ವ್ರೊಟ್ಸ್ವಾಫ್ ನಗರದಲ್ಲಿ ‘ದೆಮೆಂತಿ’ ಎಂಬ ಗುಟ್ಟಿನ ಫೋಟೊ ಸಂಸ್ಥೆಯೊಂದು 1982ರಿಂದ ಬೀದಿಯನ್ನು ದಾಖಲಿಸುತ್ತ ಬಂತು. ಹೆಸರೇ ತಮಾಷೆಯದು, ‘ಸುದ್ದಿಯ ನಿರಾಕರಣೆ’ ಎಂದರ್ಥ. ಸರ್ಕಾರ ಹೇಳಿದ್ದನ್ನು ಚಿತ್ರ ಅಲ್ಲಗಳೆಯುತ್ತದೆ. ಅದೇ ನಗರದಲ್ಲಿ ವಾಲ್ದೆಮಾರ್ ಫಿದ್ರಿಖ್ ಮತ್ತು ಗೆಳೆಯರ ‘ಆರೆಂಜ್ ಆಲ್ಟರ್ನೇಟಿವ್’ ಗುಂಪು ಇತ್ತು. ಗೋಡೆಯ ಮೇಲಿನ ಸರ್ಕಾರ ವಿರೋಧಿ ಘೋಷಣೆಗಳನ್ನು ಪೊಲೀಸರು ಸುಣ್ಣ ಬಳಿದು ಮುಚ್ಚಿದರೆ, ಆ ಬಿಳಿ ತೇಪೆಯ ಮೇಲೆ ಇವರು ಮಕ್ಕಳ ಕಥೆಗಳ ಕುಳ್ಳರ ಚಿತ್ರ ಬರೆಯುತ್ತಿದ್ದರು. 1988ರ ಜೂನ್ 1ರಂದು ಸಾವಿರಾರು ಜನ ಚೂಪು ಟೋಪಿ ಹಾಕಿಕೊಂಡು ಕುಳ್ಳರಾಗಿ ಬೀದಿಗೆ ಬಂದರು. ಸರ್ಕಾರ ಅವರನ್ನು ಏನೆಂದು ಹಿಡಿಯಬೇಕು? ಇಲ್ಲಿ ಕ್ಯಾಮೆರಾ ಹೊರಗಿನಿಂದ ಬಂದ ಸಾಕ್ಷಿಯಲ್ಲ, ಆಟದೊಳಗಿನ ಪಾತ್ರಧಾರಿಯೇ. ಕುಳ್ಳನನ್ನು ಬಂಧಿಸುವ ಪೊಲೀಸನ ಫೋಟೊ ಇದ್ದರೆ ಮಾತ್ರ ಆ ನಗೆ ಊರಿಂದೂರಿಗೆ ಹರಡುತ್ತದೆ. ಲಾಠಿ ಎತ್ತಿದ ಪೊಲೀಸನ ಚಿತ್ರ ಜನರಲ್ಲಿ ಸಿಟ್ಟಿನ ಜೊತೆ ಹೆದರಿಕೆಯನ್ನೂ ಹುಟ್ಟಿಸುತ್ತದೆ. ಕುಳ್ಳನ ತೋಳು ಹಿಡಿದು ಪೆಚ್ಚಾಗಿ ನಿಂತ ಪೊಲೀಸನ ಚಿತ್ರಕ್ಕೆ ಹೆದರುವವರು ಯಾರು?

ಇನ್ನೊಂದು ಮೆಲುದನಿಯ ದಾಖಲೆ ಆನಾ ಬೆಯಾತಾ ಬೋಹ್ಜೆವಿಚ್ ಅವರದು. 1982ರಿಂದ ಅವರು ಫೋಟೊಗಳಲ್ಲೇ ದಿನಚರಿ ಬರೆಯಲು ತೊಡಗಿದರು. ಪ್ರತಿ ಚಿತ್ರದ ಕೆಳಗೆ ಕೈಬರಹದಲ್ಲಿ ದಿನಾಂಕ, ಒಂದೆರಡು ಸಾಲು. ಗೊಡ್ಲೆವ್ಸ್ಕಿಯ ಹೆಣಕ್ಕೆ ಸಿಗದಿದ್ದ ಆ ಎರಡು ಸಾಲು. ಈ ಇಡೀ ಸಂಗ್ರಹದಲ್ಲಿ ನನಗೆ ಹೆಚ್ಚು ಇಷ್ಟವಾಗುವುದು ಅವರ ಕೆಲಸ.

ಕೊನೆಗೆ 1989ರಲ್ಲಿ ಫೋಟೊ ಮತಯಂತ್ರವಾಯಿತು ಎನ್ನಬೇಕು. ಜೂನ್ 4ರ ಅರೆಮುಕ್ತ ಚುನಾವಣೆಯಲ್ಲಿ ಬೇಡದ ಹೆಸರುಗಳನ್ನು ಹೊಡೆದುಹಾಕಿ ಮತ ನೀಡಬೇಕಿತ್ತು. ಸಾಲಿಡಾರಿಟಿಯ ಅಭ್ಯರ್ಥಿಗಳಲ್ಲಿ ಹೆಚ್ಚಿನವರು ಯಾರೆಂದೇ ಜನರಿಗೆ ಗೊತ್ತಿರಲಿಲ್ಲ. ಉಪಾಯ ಸರಳವಾಗಿತ್ತು: ಅವರನ್ನು ವಲೆಸಾ ಪಕ್ಕದಲ್ಲಿ ನಿಲ್ಲಿಸಿ ಒಬ್ಬೊಬ್ಬರದೇ ಫೋಟೊ ತೆಗೆದು ಪೋಸ್ಟರ್ ಮಾಡಿದರು. ಮದುವೆ ಮನೆಯಲ್ಲಿ ವಧೂವರರ ಪಕ್ಕ ಸಾಲಾಗಿ ಬಂದು ನಿಂತು ಹೋಗುವ ಹಾಗೆ. ಸ್ಪರ್ಧೆಗೆ ಬಿಟ್ಟಿದ್ದ ಕೆಳಮನೆಯ 161 ಸ್ಥಾನಗಳೂ ಸೆನೆಟ್ಟಿನ 100ರಲ್ಲಿ 99 ಸ್ಥಾನಗಳೂ ಅವರ ಪಾಲಾದವು. ಅದೇ ದಿನ ಬೀಜಿಂಗಿನಲ್ಲಿ ವಿದ್ಯಾರ್ಥಿಗಳ ಮೇಲೆ ಟ್ಯಾಂಕುಗಳು ನುಗ್ಗಿದ್ದವು.

ಆಡಳಿತ ಬಿತ್ತು, ಚಿತ್ರಗಳು ಉಳಿದವು. ಅಲ್ಲಿಂದ ಶುರುವಾದದ್ದು ಅವು ಯಾರವು, ಅವುಗಳ ಕೆಳಗೆ ಏನು ಬರೆಯಬೇಕು ಎಂಬ ಜಗಳ. ಗುಪ್ತ ಪೊಲೀಸರು ಕಡೆಯ ತಿಂಗಳುಗಳಲ್ಲಿ ಸಾಕಷ್ಟು ಕಡತಗಳನ್ನು ಸುಟ್ಟರು, ಹರಿದುಹಾಕಿದರು. ಉಳಿದದ್ದು 1998ರ ಕಾನೂನಿನ ಮೂಲಕ ಹುಟ್ಟಿದ ರಾಷ್ಟ್ರೀಯ ಸ್ಮೃತಿ ಸಂಸ್ಥೆಗೆ ಸೇರಿತು. ಚಳವಳಿಯ ಕಡೆಯ ಚಿತ್ರಗಳು ಬೇರೆ ಬೇರೆ ಕಡೆ ಹರಡಿದವು: 1982ರಲ್ಲಿ ಭೂಗತ ಪತ್ರಿಕೆಯಾಗಿ ಹುಟ್ಟಿದ ವಾರ್ಸಾದ ‘ಕಾರ್ತಾ’ ಕೇಂದ್ರದಲ್ಲಿ, ಹಳೆಯ ಹಡಗು ಕಾರ್ಖಾನೆಯ ಜಾಗದಲ್ಲಿ 2014ರಲ್ಲಿ ತೆರೆದ ಯುರೋಪಿಯನ್ ಸಾಲಿಡಾರಿಟಿ ಸೆಂಟರಿನಲ್ಲಿ, ಎಷ್ಟೋ ಮನೆಗಳ ಬೀರುಗಳಲ್ಲಿ. ಚೋವೆಕ್ 2012ರಲ್ಲಿ ತೀರಿಕೊಂಡರು, ರಾಚ್ಕೋವ್ಯಾಕ್ 2016ರಲ್ಲಿ. ಚಿತ್ರದಲ್ಲಿರುವವರು ಯಾರೆಂದು ಬೆರಳಿಟ್ಟು ಹೇಳಬಲ್ಲವರು ಒಬ್ಬೊಬ್ಬರಾಗಿ ಹೋಗುತ್ತಿದ್ದಾರೆ. ಹೆಸರಿಲ್ಲದ ನೆಗೆಟಿವ್ ಎಂದರೆ ಮತ್ತೊಮ್ಮೆ ಆ ಬಾಗಿಲ ಮೇಲಿನ ಹುಡುಗ.

ರಾಜಕೀಯವೂ ದೂರವಿಲ್ಲ. 2016ರಲ್ಲಿ, ಕಮ್ಯುನಿಸ್ಟ್ ಕಾಲದ ಗೃಹಮಂತ್ರಿಯ ಮನೆಯಿಂದ ಹೊರಬಂದ ಕಾಗದಗಳು ವಲೆಸಾ 1970ರ ದಶಕದ ಆರಂಭದಲ್ಲಿ ಗುಪ್ತ ಪೊಲೀಸರಿಗೆ ಮಾಹಿತಿ ಕೊಟ್ಟಿದ್ದರೆಂಬ ಹಳೆಯ ಆರೋಪಕ್ಕೆ ಜೀವ ತುಂಬಿದವು. ವಲೆಸಾ ಅದನ್ನು ನಿರಾಕರಿಸುತ್ತಲೇ ಬಂದಿದ್ದಾರೆ. ಕಾರ್ಖಾನೆಯ ಆ ಮೀಸೆಯ ಮನುಷ್ಯನ ಫೋಟೊ ಒಂದಿಷ್ಟೂ ಬದಲಾಗಿಲ್ಲ, ಆದರೆ ಅದನ್ನು ನೋಡುವ ಎರಡು ಪೋಲೆಂಡುಗಳಿವೆ. 2019ರಲ್ಲಿ ಕೇಂದ್ರ ಸರ್ಕಾರ ಸಾಲಿಡಾರಿಟಿ ಸೆಂಟರಿನ ಅನುದಾನವನ್ನು 70 ಲಕ್ಷ ಜ್ಲಾಟಿಯಿಂದ 40 ಲಕ್ಷಕ್ಕೆ ಇಳಿಸಿದಾಗ, ಕಡಿತವಾದ 30 ಲಕ್ಷವನ್ನು ಜನ ಆನ್‌ಲೈನ್ ವಂತಿಗೆಯಲ್ಲಿ ಎರಡು ದಿನಗಳೊಳಗೇ ತುಂಬಿಕೊಟ್ಟರು. ಹಳೆಯ ಚಿತ್ರಗಳನ್ನು ಯಾರು ಕಾಯಬೇಕು ಎಂಬುದರ ಬಗ್ಗೆ ಅಲ್ಲಿಯ ಜನರಿಗೆ ಖಚಿತ ಅಭಿಪ್ರಾಯವಿದೆ.

ಪಕ್ಕದ ಬೆಲಾರಸ್ ನೋಡಿದರೆ ಆ ಕಥೆ ಹಳತಾಗಿಲ್ಲ ಎನ್ನುವುದು ತಿಳಿಯುತ್ತದೆ. 2020ರ ಆಗಸ್ಟಿನಲ್ಲಿ ಚುನಾವಣಾ ಅಕ್ರಮದ ವಿರುದ್ಧ ಲಕ್ಷಾಂತರ ಜನ ಬೀದಿಗೆ ಬಂದರು. ವಾರ್ಸಾದಲ್ಲಿ ಕುಳಿತ ಬೆಲಾರಸ್‌ನ ಯುವಕರು ಟೆಲಿಗ್ರಾಂ ಚಾನೆಲ್ಲಿನಲ್ಲಿ ಅವರ ಫೋಟೊ, ವಿಡಿಯೊಗಳನ್ನು ಕ್ಷಣಕ್ಷಣಕ್ಕೂ ಜಗತ್ತಿಗೆ ತೋರಿಸಿದರು. ನಿಲ್ದಾಣದಲ್ಲಿ ವಿದ್ಯಾರ್ಥಿಯನ್ನು ಹುಡುಕುವ ಕೆಲಸವೇ ಇಲ್ಲ. ಆದರೆ ಅದೇ ಚಿತ್ರಗಳನ್ನು ಇಟ್ಟುಕೊಂಡು ಅಲ್ಲಿಯ ಆಡಳಿತ ತಿಂಗಳು, ವರ್ಷಗಳ ನಂತರವೂ ಜನರ ಬಾಗಿಲು ತಟ್ಟಿತು. ರಾದೋಮ್‌ನಲ್ಲಿ ಒಬ್ಬ ಅಧಿಕಾರಿ ಭೂತಗನ್ನಡಿ ಹಿಡಿದು ವಾರಗಟ್ಟಲೆ ಮಾಡುತ್ತಿದ್ದ ಕೆಲಸವನ್ನು ಈಗ ತಂತ್ರಾಂಶ ನಿಮಿಷಗಳಲ್ಲಿ ಮುಗಿಸುತ್ತದೆ. ಆಗ ಸಾಕ್ಷಿ ಚಿತ್ರ ಒಂದು ಕೈಯಲ್ಲಿ, ಚಾಡಿ ಚಿತ್ರ ಇನ್ನೊಂದು ಕೈಯಲ್ಲಿ ಇತ್ತು. ಈಗ ಹೋರಾಟಗಾರನೇ ಹೆಮ್ಮೆಯಿಂದ ಹಾಕಿದ ಒಂದೇ ಚಿತ್ರ ಎರಡೂ ಕೆಲಸ ಮಾಡುತ್ತದೆ.

ಇದರ ಜೊತೆಗೆ ಕೃತಕ ಬುದ್ಧಿಮತ್ತೆ ಇಲ್ಲದ ದೃಶ್ಯವನ್ನು ಹಳೆಯ ಕಪ್ಪುಬಿಳುಪು ಫೋಟೊದಂತೆ ಸೃಷ್ಟಿಸಿಕೊಡುತ್ತಿದೆ. ಇದರಿಂದ ಜನ ಸುಳ್ಳನ್ನು ನಂಬಿಬಿಡುತ್ತಾರೆ ಎಂಬ ಭಯ ಎಲ್ಲರಿಗೂ ಇದೆ. ನನಗೆ ಅದಕ್ಕಿಂತ ಹೆಚ್ಚಿನ ಆತಂಕ, ನಿಜವನ್ನೂ ನಂಬದಿರಲು ಒಂದು ನೆಪ ಸಿಗುತ್ತದೆಂಬುದು. ‘ಮೊಸ್ಕ್ವಾ’ ಚಿತ್ರಮಂದಿರದ ಫೋಟೊ ಇವತ್ತು ಮೊದಲ ಬಾರಿಗೆ ಹೊರಬಂದಿದ್ದರೆ ಎಷ್ಟು ಜನ ನಂಬುತ್ತಿದ್ದರು? ಪ್ರಳಯಕಾಲ, ಮಾಸ್ಕೊ, ಹಿಮ, ಸೈನಿಕರು. ಇದು ಯಂತ್ರ ಕಟ್ಟಿದ್ದೇ ಎಂದು ಮುಂದಕ್ಕೆ ಸರಿಸಿಬಿಡುತ್ತಿದ್ದರು. ಅದನ್ನು ಸತ್ಯವಾಗಿಸುವುದು ಚಿತ್ರದೊಳಗಿನ ಏನೋ ಒಂದಲ್ಲ. ಮೆಟ್ಟಿಲ ಕಿಟಕಿ, ತೆಗೆದವರ ಹೆಸರು, ರೈಲು, ಆ ವಿದ್ಯಾರ್ಥಿ, ನೆಗೆಟಿವ್, ಈ ಸರಪಳಿ. ಆ ಚಿತ್ರಮಂದಿರವನ್ನೇ 1996ರಲ್ಲಿ ಕೆಡವಿ ಆ ಜಾಗದಲ್ಲಿ ಕಚೇರಿ ಕಟ್ಟಡ ಎಬ್ಬಿಸಿದ್ದಾರೆ, ಹೋಗಿ ನೋಡಿ ತಾಳೆ ಹಾಕೋಣವೆಂದರೂ ಆಗದು.

ಬೆಲಾರಸ್‌ನ ಛಾಯಾಗ್ರಾಹಕರು, ಹಾಂಕಾಂಗ್‌ನವರು, ಇನ್ನೂ ಎಷ್ಟೋ ದೇಶಗಳವರು ಈಗ ಪ್ರತಿಭಟನೆಯನ್ನು ಹಿಂದಿನಿಂದ ತೆಗೆಯಲು ಕಲಿಯುತ್ತಿದ್ದಾರೆ: ಬೆನ್ನು, ಕೊಡೆ, ಮೇಲೆತ್ತಿದ ಕೈ, ಮಸುಕು ಮಾಡಿದ ಮುಖ. ಅದು ವಿವೇಕವೇ, ಅನುಮಾನವಿಲ್ಲ. ಆದರೆ 1980ರ ಆಗಸ್ಟಿನ ಎರಡನೇ ನಂಬರಿನ ಗೇಟಿನ ಚಿತ್ರಗಳನ್ನು ಮತ್ತೊಮ್ಮೆ ನೋಡಿ. ಕಂಬಿಗಳ ಈಚೆ ಬ್ರೆಡ್ಡಿನ ಚೀಲ ಹಿಡಿದು ನಿಂತ ಹೆಂಗಸು, ಆಚೆಯಿಂದ ಕೈಚಾಚಿದ ಗಂಡ, ಇಬ್ಬರ ನಡುವೆ ಗೇಟು ಹತ್ತಲು ನೋಡುತ್ತಿರುವ ಮಗು. ಮೂವರೂ ಕ್ಯಾಮೆರಾದತ್ತ ತಿರುಗಿದ್ದಾರೆ. ಆ ಮಗುವಿಗೆ ಈಗ ಐವತ್ತರ ಆಸುಪಾಸು, ಗ್ಡಾನ್ಸ್ಕ್‌ನ ವಸ್ತುಸಂಗ್ರಹಾಲಯದ ಗೋಡೆಯ ಮುಂದೆ ನಿಂತು ಇದು ನಾನು ಎನ್ನಬಹುದು. 2020ರ ಮಿನ್ಸ್ಕ್ ನಗರದ ಫೋಟೊಗಳ ಮುಂದೆ ಮುಂದೊಂದು ದಿನ ಬಂದು ನಿಲ್ಲುವವರು ಒಂದು ಜಾಕೆಟ್ಟನ್ನೋ, ಬೆನ್ನಿನ ಚೀಲವನ್ನೋ ನೋಡಿ ಗುರುತು ಹಿಡಿಯಬೇಕಾಗುತ್ತದೆ.